ಕದಿರು ಕಟ್ಟದೆ ಬಿಟ್ಟ ಪತ್ತಾಯ

ನನ್ನ ಮನೆಗೆ ಮೊದಲ ಸಲ ಬಂದವರು ಒಮ್ಮೆ ಸುತ್ತ ನೋಡಿ, "ಸಾಮಾನೆಲ್ಲ ಇನ್ನೂ ಬರ್ಲಿಕ್ಕೆ ಉಂಟಾ?" ಎಂದು ಕೇಳುತ್ತಾರೆ. ಇಷ್ಟೇ ಎಂದರೆ ನಂಬುವುದಿಲ್ಲ. ಅಕ್ಕಪಕ್ಕದ ಹೆಂಗಸರಂತೂ, "ಅವಳ ಮನೆಯಲ್ಲಿ ಅಲ್ಲಾಡದೆ ಕೂತ್ಕೊಳ್ಬೇಡಿ ಮಾರಾಯ್ರೆ, ಎತ್ತಿ ಯಾರಿಗಾದರೂ ಕೊಟ್ಟಾಳು" ಎಂದು ನನ್ನ ಎದುರಿಗೇ ತಮಾಷೆ ಮಾಡುತ್ತಾರೆ. ಮಾಡಲಿ. ಹೇಳಿದವರ ಬಾಯಿ ನೋಯುತ್ತದೆಯೇ ಹೊರತು ನನ್ನ ಕಿವಿ ನೋಯುವುದಿಲ್ಲ. ಸರಳವಾಗಿ ಬದುಕಬೇಕು, ಆಸೆ ಕಡಿಮೆ ಮಾಡಬೇಕು ಎಂದು ಯಾರೋ ಭಾಷಣ ಮಾಡಿದ್ದನ್ನು ಕೇಳಿ ನಾನು ಹೀಗಾದದ್ದಲ್ಲ. ನನ್ನ ಮಗಳಿಗೆ ಉಸಿರಾಡಲು ಆಗುತ್ತಿರಲಿಲ್ಲ. ಆ ಉಸಿರಿಗೆ ಅಡ್ಡ ನಿಂತದ್ದು ನಮ್ಮ ಮನೆಯ ಸಾಮಾನು. ಎರಡರಲ್ಲಿ ಒಂದು ಮಾತ್ರ ಮನೆಯಲ್ಲಿ ಇರಬಹುದಿತ್ತು.

ಅರುವತ್ತರ ದಶಕದ ಮೊದಲ ವರ್ಷಗಳ ಮಾತು. ನಾವು ಪುತ್ತೂರಿನ ದರ್ಬೆಯಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಕಚೇರಿಯೊಂದರಲ್ಲಿ ಗುಮಾಸ್ತರು. ರಸ್ತೆಗೆ ಮುಖ ಮಾಡಿ ಒಂದು ಅಕ್ಕಿ ಅಂಗಡಿ, ಅದರ ಹಿಂದೆ ನಮ್ಮ ಮನೆ. ಅಂಗಡಿ ನಡೆಸುತ್ತಿದ್ದವರು ವಯಸ್ಸಾದ ಒಬ್ಬರು ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ನಮ್ಮದು ಒಂದು ಜಗಲಿ, ಒಂದು ಒಳಕೋಣೆ, ಅಡುಗೆಗೆ ಒಂದು ಮೂಲೆ, ಒಳಕೋಣೆಯ ಮೇಲೆ ಒಂದು ಅಟ್ಟ. ಮಲಗುವುದು, ಏಳುವುದು, ಬಟ್ಟೆ ಮಡಚುವುದು ಎಲ್ಲ ಒಳಕೋಣೆಯಲ್ಲೇ. ಅದಕ್ಕೆ ಇದ್ದದ್ದು ಒಂದೇ ಕಿಟಕಿ. ಆದರೆ ಒಳ್ಳೆಯ ಕಿಟಕಿ, ಬೆಳಗಿನ ಬಿಸಿಲು ನೇರ ಒಳಗೆ ಬರುತ್ತಿತ್ತು. ಮೂರು ಜನಕ್ಕೆ ಬೇಕಾದಷ್ಟಾಯಿತು ಎಂದು ನಾನು ಹಾಯಾಗಿದ್ದೆ.

ಅಷ್ಟರಲ್ಲಿ ಗಂಡನ ಊರು ಮಂಡೆಕೋಲಿನ ಹಿರಿಮನೆ ಪಾಲಾಯಿತು. ಗದ್ದೆ ಬೇಸಾಯ ನೋಡಿಕೊಳ್ಳುವ ಭಾವನವರಿಗೆ ಮನೆ ಮತ್ತು ಗದ್ದೆ ಹೋಯಿತು. ನನ್ನ ಗಂಡ ನೌಕರಿಯವರು, ಅವರಿಗೇಕೆ ಮಣ್ಣು ಎಂದಾಯಿತು. ಅತ್ತೆ ಮಾತ್ರ, "ನಾನು ಸಣ್ಣವನ ಒಟ್ಟಿಗೆ ಇರ್ತೇನೆ" ಎಂದರು. ಬರಲಿ, ನನಗೆ ಬೇಸರವೇನೂ ಇರಲಿಲ್ಲ. ಮಗಳಿಗೆ ಆಗ ನಾಲ್ಕು ತುಂಬಿತ್ತು, ನೋಡಿಕೊಳ್ಳಲು ಒಂದು ಕೈ ಆಯಿತು ಎಂದುಕೊಂಡೆ. ಅತ್ತೆ ಬಸ್ಸಿನಲ್ಲಿ ಒಂದು ಗಂಟು ಹಿಡಿದುಕೊಂಡು ಬಂದಾರು ಎಂದು ಕಾದರೆ, ಅವರು ಬಂದದ್ದು ಲಾರಿಯಲ್ಲಿ.

ಲಾರಿಯಿಂದ ಇಳಿದದ್ದನ್ನು ಹೇಳಿದರೆ ನೀವು ನಗುತ್ತೀರಿ. ಊರಿಗೇ ಗಂಜಿ ಬೇಯಿಸುವಂಥ ತಾಮ್ರದ ಕೊಪ್ಪರಿಗೆ. ಆಳೆತ್ತರದ ಉಪ್ಪಿನಕಾಯಿ ಭರಣಿ ಎಂದರೆ ಸ್ವಲ್ಪ ಹೆಚ್ಚಾದೀತು, ಆದರೆ ನನ್ನ ಮಗಳು ಅದರ ಹಿಂದೆ ನಿಂತರೆ ಕಾಣುತ್ತಿರಲಿಲ್ಲ. ನೊಗ. ಎತ್ತಿಲ್ಲದ, ಗದ್ದೆಯಿಲ್ಲದ, ಅಂಗಳವೂ ಸರಿಯಾಗಿಲ್ಲದ ಮನೆಗೆ ಎತ್ತಿನ ನೊಗ. ನಾಟಿ ಮಾಡುವಾಗ ಹೆಂಗಸರು ಬೆನ್ನ ಮೇಲೆ ಹಾಕಿಕೊಳ್ಳುವ ಓಲೆಯ ಗೊರಬೆ, ತಳ ಹೋದ ಬುಟ್ಟಿಗಳು, ಹಿಡಿಯಿಲ್ಲದ ಕತ್ತಿಗಳು. ಕೊನೆಗೆ ಹಲಗೆ ಹಲಗೆಯಾಗಿ ಬಿಚ್ಚಿದ ಪತ್ತಾಯ.

ಪತ್ತಾಯ ಎಂದರೆ ಭತ್ತ ತುಂಬಿಡುವ ಮರದ ದೊಡ್ಡ ಪೆಟ್ಟಿಗೆ. ನಮ್ಮದು ಹಲಸಿನ ಮರದ್ದು, ಸೊಂಟದೆತ್ತರ, ಮುಚ್ಚಳದ ಮೇಲೆ ಹಾಸಿಗೆ ಹಾಸಿ ಇಬ್ಬರು ಆರಾಮಾಗಿ ಮಲಗಬಹುದು. ಹಿರಿಮನೆಯಲ್ಲಿ ಅತ್ತೆ ಮಲಗುತ್ತಿದ್ದದ್ದೂ ಅದರ ಮೇಲೆಯೇ. ಯಜಮಾನ್ತಿಯ ಜಾಗ ಅದು. ಅಕ್ಕಿಯನ್ನು ಸೇರಿನ ಲೆಕ್ಕದಲ್ಲಿ ಎದುರಿನ ಅಂಗಡಿಯಿಂದ ತರುವ ನಮ್ಮ ಮನೆಯಲ್ಲಿ ಅದನ್ನು ಇಡುವುದೆಲ್ಲಿ? ಒಳಕೋಣೆಯಲ್ಲಿ, ಕಿಟಕಿಗೆ ಅಡ್ಡವಾಗಿ. ಬೇರೆಲ್ಲೂ ಹಿಡಿಸಲಿಲ್ಲ. ಪತ್ತಾಯ ಖಾಲಿ ಇರಬಾರದು ಎಂದು ಅತ್ತೆ ಒಂದು ಸೇರು ಭತ್ತ ಒಳಗೆ ಹಾಕಿ ಮುಚ್ಚಳ ಮುಚ್ಚಿದರು. ಒಳಕ್ಕೆ ತೆರೆಯುವ ತಗ್ಗಿನ ಕಿಟಕಿ ಅದು, ಆವತ್ತು ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ.

ಅದೂ ಸಾಲದೆ ಭಾವ ತಾಯಿಯ ಊಟಕ್ಕೆಂದು ಅಕ್ಕಿಮುಡಿ ಕಳಿಸುತ್ತಿದ್ದರು. ಬೈಹುಲ್ಲು ಸುತ್ತಿ, ಹುಲ್ಲಿನ ಹಗ್ಗದಲ್ಲೇ ಬಿಗಿದ ಉರುಟು ಮುಡಿಗಳು. ಅವನ್ನು ಪತ್ತಾಯದ ಪಕ್ಕಕ್ಕೆ ಪೇರಿಸಿದ್ದಾಯಿತು. ನೊಗ, ಗೊರಬೆ, ಬುಟ್ಟಿಗಳು ಅಟ್ಟ ಸೇರಿದವು. ಹುಲ್ಲಿನ ಧೂಳು, ಇಲಿ, ಜಿರಳೆ, ಎಲ್ಲವೂ ಬಾಡಿಗೆ ಕೊಡದೆ ನಮ್ಮೊಟ್ಟಿಗೆ ಸಂಸಾರ ಹೂಡಿದವು.

ಮಗಳು ಮಾತ್ರ ಖುಷಿಯಲ್ಲಿದ್ದಳು. ಅಜ್ಜಿಯೊಟ್ಟಿಗೆ ಪತ್ತಾಯದ ಮೇಲೆ ಹತ್ತಿ ಮಲಗುವುದೆಂದರೆ ಅವಳಿಗೆ ಹಬ್ಬ. ನನ್ನ ಪಕ್ಕ ಮಲಗುವುದನ್ನೇ ಬಿಟ್ಟಳು. ಅತ್ತೆಯ ಮನೆಮಾತು ಅರೆಭಾಷೆ, ಅದರಲ್ಲಿ ಹುಡುಗಿಗೆ ಗೂಡೆ ಎನ್ನುವುದು. "ಬಾ ಗೂಡೆ" ಎಂದು ಅವರು ಒಮ್ಮೆ ಕರೆದರೆ ಸಾಕು, ಉಣ್ಣುತ್ತಿದ್ದರೂ ಎದ್ದು ಓಡುತ್ತಿದ್ದಳು.

ಆ ವರ್ಷವೇ ನಾವು ಒಂದು ತಪ್ಪು ಮಾಡಿದೆವು. ನಮ್ಮ ಕಡೆ ಭತ್ತದ ತೆನೆ ಬಲಿಯುವ ಹೊತ್ತಿಗೆ ಮನೆ ತುಂಬಿಸುವುದು ಎಂಬ ಕ್ರಮ ಉಂಟು. ಯಜಮಾನ ಗದ್ದೆಯಿಂದ ಹೊಸ ತೆನೆಯನ್ನು, ನಮ್ಮ ಮಾತಿನಲ್ಲಿ ಕದಿರನ್ನು, ತಲೆಯ ಮೇಲೆ ಹೊತ್ತು ತರುತ್ತಾನೆ. ಮಾವು, ಹಲಸು, ಬಿದಿರಿನ ಎಲೆಗಳ ನಡುವೆ ಒಂದೆರಡು ತೆನೆಯಿಟ್ಟು ನಾರಿನಿಂದ ಸುತ್ತಿ, ಬಾಗಿಲಿಗೆ, ಕಂಬಕ್ಕೆ, ಕಡೆಯುವ ಕಲ್ಲಿಗೆ, ಬಾವಿಯ ರಾಟೆಗೆ, ಮನೆಯ ಒಂದೊಂದು ವಸ್ತುವಿಗೂ ಕಟ್ಟುವುದು. ಕಟ್ಟುವಾಗ ಎಲ್ಲರೂ "ಪೊಲಿ, ಪೊಲಿ" ಎಂದು ಗಟ್ಟಿಯಾಗಿ ಕೂಗಬೇಕು. ಪೊಲಿ ಎಂದರೆ ಹೆಚ್ಚಲಿ, ಸಮೃದ್ಧಿಯಾಗಲಿ. ಆ ಸಲ ಮಂಡೆಕೋಲಿನಿಂದ ಬಸ್ಸಿನಲ್ಲಿ ಕದಿರಿನ ದೊಡ್ಡ ಕಟ್ಟೇ ಬಂತು. ಅತ್ತೆ ಒಂದನ್ನೂ ಬಿಡಲಿಲ್ಲ. ನೊಗಕ್ಕೆ ಕಟ್ಟಿದರು, ಗೊರಬೆಗೆ ಕಟ್ಟಿದರು, ತಳವಿಲ್ಲದ ಬುಟ್ಟಿಗೂ ಕಟ್ಟಿದರು. ನಾನೂ ಹುಚ್ಚಿಯ ಹಾಗೆ ನಾರು ಹರಿದು ಕೊಡುತ್ತಾ ಪೊಲಿ ಪೊಲಿ ಎನ್ನುತ್ತಿದ್ದೆ. ಕದಿರು ಕಟ್ಟಿದ್ದನ್ನು ಹೊರಗೆ ಹಾಕುವುದೆಂದರೆ ಮನೆಯ ಲಕ್ಷ್ಮಿಯನ್ನು ಹೊರಗೆ ಹಾಕಿದ ಹಾಗೆ ಎಂಬುದು ಅತ್ತೆಯ ಲೆಕ್ಕ. ಅದು ನನಗೆ ಗೊತ್ತಾದದ್ದು ಆಮೇಲೆ.

ಗೊತ್ತಾದದ್ದು ಹೀಗೆ. ಮಗಳಿಗೆ ಮೊದಲು ಸೀನು ಶುರುವಾಯಿತು, ಮತ್ತೆ ಕೆಮ್ಮು, ಚಳಿಗಾಲಕ್ಕೆ ದಮ್ಮು. ಬೆಳಿಗ್ಗೆ ಏಳುವಾಗ ಎದೆಯಲ್ಲಿ ಸೊಂಯ್ ಸೊಂಯ್ ಎಂಬ ಶಬ್ದ. ಎರಡು ಹೆಜ್ಜೆ ಓಡಿದರೆ ಬಾಗಿ ಮೊಣಕಾಲಿಗೆ ಕೈಯೂರಿ ನಿಲ್ಲುವಳು. ಅತ್ತೆ ಕರಿಮೆಣಸಿನ ಕಷಾಯ ಕುಡಿಸಿದರು, ಎದೆಗೆ ಎಣ್ಣೆ ತಿಕ್ಕಿದರು, ದೈವಕ್ಕೆ ಹೇಳಿಕೊಂಡರು. ಒಂದಕ್ಕೂ ಜಗ್ಗಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆ ನೋಡಿ, ಮದ್ದು ಕೊಟ್ಟು, ಮಗು ಮಲಗುವುದೆಲ್ಲಿ ಎಂದು ಕೇಳಿದರು. ನಾನು ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಮದ್ದು ನಾನು ಕೊಡ್ತೇನಮ್ಮ. ನಿಮ್ಮ ಮನೆಯ ಧೂಳು ಗುಡಿಸ್ಲಿಕ್ಕೂ ನಾನೇ ಬರ್ಬೇಕಾ?" ಎಂದರು. "ಹುಲ್ಲು ತೆಗೀರಿ, ಅಟ್ಟ ಖಾಲಿ ಮಾಡಿ, ಆ ಕಿಟಕಿ ತೆಗೀರಿ. ಇಲ್ಲದಿದ್ರೆ ಈ ಬಾಟ್ಲಿ ಕುಡಿಸುದೂ ಒಂದೇ, ಬಿಡುದೂ ಒಂದೇ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, "ಹಿರಿಮನೆಯಲ್ಲಿ ಎಷ್ಟು ಮಕ್ಕಳು ಈ ಪತ್ತಾಯದ ಮೇಲೆ ಮಲಗಿ ಬೆಳೆದದ್ದು. ನಿನ್ನ ಗಂಡನೂ ಮಲಗಿದ್ದು. ಅವನಿಗೆ ದಮ್ಮು ಉಂಟಾ?" ಎಂದರು. ಗಂಡನ ಕಡೆ ನೋಡಿದೆ. ಅವರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. "ನೀವಿಬ್ಬರೇ ಮಾತಾಡಿಕೊಳ್ಳಿ" ಎಂದು ಅಂಗಿ ಹಾಕಿಕೊಂಡು ಹೊರಗೆ ನಡೆದರು.

ಸರಿ, ಹೇಳದೆ ಮಾಡುತ್ತೇನೆ ಎಂದು ಹೊರಟೆ. ಅತ್ತೆ ಸ್ನಾನಕ್ಕೆ ಹೋದಾಗ ಅಟ್ಟದಿಂದ ಒಂದು ತಳವಿಲ್ಲದ ಬುಟ್ಟಿ ಇಳಿಸಿ ರಸ್ತೆಯಾಚೆಯ ಕಸದ ಗುಂಡಿಗೆ ಎಸೆದು ಬಂದೆ. ಮಧ್ಯಾಹ್ನ ಅಕ್ಕಿ ಅಂಗಡಿಯ ಬ್ಯಾರಿಗಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದರು. ಅತ್ತೆಯೊಟ್ಟಿಗೆ ಅವರ ಮಾತು ತುಳುವಿನಲ್ಲಿ. "ಅಮ್ಮ, ಇದಕ್ಕೆ ಕದಿರು ಕಟ್ಟಿದ್ದು ಉಂಟಲ್ಲ. ಯಾರೋ ಗೊತ್ತಾಗದೆ ಬಿಸಾಡಿದ್ದಾರೆ ಕಾಣ್ತದೆ" ಎಂದರು. ಒಣಗಿದ ಕದಿರು ಬುಟ್ಟಿಯ ಬಾಯಿಯಲ್ಲಿ ಹಾಗೇ ನೇತಾಡುತ್ತಿತ್ತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ. ಅತ್ತೆ ಬುಟ್ಟಿಯನ್ನು ತೆಗೆದುಕೊಂಡು ಮತ್ತೆ ಅಟ್ಟಕ್ಕೆ ಏರಿಸಿದರು. ಬಯ್ದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಬಯ್ಯಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ಬರಿಸಿತು.

ನೀವು ಕೇಳಬಹುದು, ಅಷ್ಟು ಹಠದವಳು ಒಂದು ದಿನ ಆಳು ಕರೆಸಿ ಎಲ್ಲ ಹೊರಗೆ ಹಾಕಿಸಬಾರದಿತ್ತೇ ಎಂದು. ಹಾಕಿಸಬಹುದಿತ್ತು. ಹಾಕಿಸಿದ ದಿನವೇ ಅತ್ತೆ ಮಂಡೆಕೋಲಿನ ಬಸ್ಸು ಹತ್ತುತ್ತಿದ್ದರು. ಅಜ್ಜಿಯಿಲ್ಲದೆ ಮಗು ನಿದ್ದೆ ಮಾಡುವುದಿಲ್ಲ, ಅತ್ತರೆ ದಮ್ಮು ಹೆಚ್ಚುತ್ತದೆ. ಮತ್ತೆ ಇನ್ನೊಂದು ಮಾತು. ಆ ಹೆಂಗಸು ಎಷ್ಟೋ ಜನಕ್ಕೆ ಬಡಿಸಿದವರು. ಪಾಲಿನಲ್ಲಿ ಯಜಮಾನಿಕೆಯ ಗುರುತೆಂದು ಅವರ ಕೈಗೆ ಬಂದದ್ದು ಆ ಮರದ ಪೆಟ್ಟಿಗೆ ಒಂದೇ. ಅದು ನನಗೆ ತಿಳಿಯುತ್ತಿತ್ತು. ತಿಳಿದರೂ ನನ್ನ ಹಠ ಕಡಿಮೆಯಾಗಲಿಲ್ಲ ಎನ್ನುವುದೂ ನಿಜ.

ಮಳೆಗಾಲ ಕಳೆಯುವುದರೊಳಗೆ ಮಗು ಕಡ್ಡಿಯಾಗಿದ್ದಳು. ಸೋಣ ತಿಂಗಳ, ಎಂದರೆ ಆಗಸ್ಟ್ ಕೊನೆಯ ಹೊತ್ತಿನ ಒಂದು ಮಧ್ಯಾಹ್ನ, ಊರಿನಿಂದ ಬಂದ ಮುಡಿಯೊಂದನ್ನು ಅತ್ತೆ ಒಳಕೋಣೆಯಲ್ಲೇ ಬಿಚ್ಚಿದರು. ಹುಲ್ಲಿನ ಹೊಟ್ಟು ಕೋಣೆ ತುಂಬ ಎದ್ದಿತು. ಪತ್ತಾಯದ ಮೇಲೆ ಕೂತು ಆಡುತ್ತಿದ್ದ ಮಗು ಕೆಮ್ಮಿದಳು, ಮತ್ತೆ ಕೆಮ್ಮಲೂ ಆಗಲಿಲ್ಲ. ಬಾಯಿ ತೆರೆದೇ ಇತ್ತು, ಒಳಗೆ ಏನೂ ಹೋಗುತ್ತಿರಲಿಲ್ಲ. ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗೆ ಆಯಿತು. ಅಕ್ಕಿ ಅಂಗಡಿಯ ಬ್ಯಾರಿಗಳು ರಸ್ತೆಗಿಳಿದು ಒಂದು ಬಾಡಿಗೆ ಕಾರನ್ನು ಅಡ್ಡ ಹಾಕಿ ನಿಲ್ಲಿಸಿದರು. ನಾನು ಮಗುವನ್ನು ಎತ್ತಿಕೊಂಡು ಹತ್ತಿದೆ, ಅತ್ತೆ ಕಾಲಿಗೆ ಏನೂ ಇಲ್ಲದೆ ಹಿಂದೆ ಹತ್ತಿದರು.

ಇಂಜೆಕ್ಷನ್ ಕೊಟ್ಟು ಬಹಳ ಹೊತ್ತಾದ ಮೇಲೆ ಎದೆ ಮೇಲೆ ಕೆಳಗೆ ಆಡತೊಡಗಿತು. ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿ ಹೇಳಿದರು. "ಇವತ್ತು ಮಗು ಸಿಕ್ಕಿತು. ಪುನಃ ಹೀಗೆ ಬಂದರೆ ಇಲ್ಲಿಗೆ ತಲುಪುವಷ್ಟು ಸಮಯ ಸಿಗ್ತದೆ ಅಂತ ನಾನು ಹೇಳುದಿಲ್ಲ." ಅತ್ತೆ ತಲೆ ತಗ್ಗಿಸಿ ನಿಂತಿದ್ದರು. ಅವರ ಸೆರಗಿನಲ್ಲಿ ಹುಲ್ಲಿನ ಎಳೆಗಳು ಹಾಗೇ ಅಂಟಿಕೊಂಡಿದ್ದವು.

ಮನೆಗೆ ಬಂದು ಮಗುವನ್ನು ಜಗಲಿಯಲ್ಲಿ ಮಲಗಿಸಿ, ಅತ್ತೆಯ ಎದುರು ಕೂತೆ. ಮನೆ ತುಂಬಿಸುವ ದಿನ ಹತ್ತಿರವಿತ್ತು. ಕಳೆದ ವರ್ಷದ ಕದಿರು ಬಿಚ್ಚಿ ಹೊಸತು ಕಟ್ಟುವ ದಿನ ಅದು. ನನಗೆ ಆಸ್ಪತ್ರೆಯಲ್ಲಿ ನಿಂತಿದ್ದಾಗಲೇ ಹೊಳೆದಿತ್ತು.

"ಅತ್ತೆ, ಕದಿರು ಕಟ್ಟಿದ್ದನ್ನು ಹೊರಗೆ ಹಾಕ್ಲಿಕ್ಕೆ ಇಲ್ಲ ಅಂತ ನೀವೇ ಹೇಳಿದ್ದು. ಒಪ್ಪಿದೆ. ಆದರೆ ಕಟ್ಟದ್ದನ್ನು?"

ಅವರು ಸೆರಗಿಗೆ ಅಂಟಿದ ಹುಲ್ಲಿನ ಎಳೆಗಳನ್ನು ಕೀಳತೊಡಗಿದರು.

"ಈ ಸಲ ನಾವು ಉಪಯೋಗಿಸುವ ಸಾಮಾನಿಗೆ ಮಾತ್ರ ಕದಿರು. ಒಂದೊಂದನ್ನೂ ನೋಡುವ. ಈ ವರ್ಷ ಇದರ ಕೆಲಸ ಎಂತ ಅಂತ ಕೇಳುವ. ಕೆಲಸ ಇಲ್ಲದ್ದಕ್ಕೆ ಕಟ್ಟುದು ಬೇಡ. ಕಟ್ಟದ್ದು ಮನೆಯಲ್ಲಿ ಇರುದು ಬೇಡ."

"ಹೆಚ್ಚಲಿ ಅಂತ ಕಟ್ಟುದು ಮಾರಾಯ್ತಿ. ಕಮ್ಮಿ ಆಗ್ಲಿ ಅಂತ ಯಾರಾದ್ರೂ ಕದಿರು ಕಟ್ತಾರಾ?"

"ಎಂತ ಹೆಚ್ಚುದು ಅತ್ತೆ? ಧೂಳು ಹೆಚ್ಚಿತು, ಇಲಿ ಹೆಚ್ಚಿತು, ದಮ್ಮು ಹೆಚ್ಚಿತು. ಇನ್ನು ಎಂತ ಹೆಚ್ಚಬೇಕು ನಿಮಗೆ?"

ಇಷ್ಟು ಗಟ್ಟಿಯಾಗಿ ನಾನು ಅವರೊಟ್ಟಿಗೆ ಯಾವತ್ತೂ ಮಾತಾಡಿರಲಿಲ್ಲ. ಅವರು ಎದ್ದು ಬಾವಿಕಟ್ಟೆಗೆ ಹೋಗಿ ಬಹಳ ಹೊತ್ತು ನಿಂತು ಬಂದರು. ಬಂದು ಹೇಳಿದ್ದು ಒಂದೇ ಮಾತು. "ಆಗ್ಲಿ. ನನ್ನದಕ್ಕೆ ಯಾವ ಲೆಕ್ಕವೋ ನಿನ್ನದಕ್ಕೂ ಅದೇ ಲೆಕ್ಕ. ತಪ್ಪಬಾರದು."

"ತಪ್ಪುದಿಲ್ಲ" ಎಂದೆ. ನನ್ನದೇನು ಮಹಾ ಇದೆ, ಒಂದು ಟ್ರಂಕು, ನಾಲ್ಕು ಪಾತ್ರೆ ಎಂದುಕೊಂಡಿದ್ದೆ.

ಆ ದಿನ ಬೆಳಿಗ್ಗೆ ಬೇಗ ಮಿಂದು, ಗಂಡ ಅಂಗಳದಿಂದ ಕದಿರನ್ನು ತಲೆಯ ಮೇಲಿಟ್ಟುಕೊಂಡು ಒಳಗೆ ತಂದರು. ಮಗುವನ್ನು ನಾನು ಬ್ಯಾರಿಗಳ ಮನೆಯ ಹೆಂಗಸರ ಹತ್ತಿರ ಬಿಟ್ಟು ಬಂದಿದ್ದೆ, ಧೂಳು ಏಳುವ ಕೆಲಸ ಎಂದು. ಬಾಗಿಲಿಗೆ ಕಟ್ಟಿದೆವು, ಬಾವಿಯ ರಾಟೆಗೆ ಕಟ್ಟಿದೆವು, ಕಡೆಯುವ ಕಲ್ಲಿಗೆ, ಅನ್ನದ ಪಾತ್ರೆಗೆ, ದೀಪದ ಕಂಬಕ್ಕೆ. ಮತ್ತೆ ಅಟ್ಟದಿಂದ ಒಂದೊಂದಾಗಿ ಇಳಿಸತೊಡಗಿದೆ.

ನೊಗ ಬಂತು. "ಇದರ ಕೆಲಸ ಎಂತ?" ಎಂದೆ. ಅತ್ತೆ ಅದರ ಮೇಲೆ ಕೈಯಾಡಿಸಿ, "ನಿನ್ನ ಮಾವ ಕೆತ್ತಿಸಿದ್ದು" ಎಂದರು. "ಯಾರು ಕೆತ್ತಿಸಿದ್ದು ಅಂತ ಅಲ್ಲ ಅತ್ತೆ, ಕೆಲಸ ಎಂತ ಅಂತ." ಅವರು ಬಾಗಿಲ ಕಡೆ ಕೈ ತೋರಿಸಿದರು, ಗಂಡ ಹೊರಗಿಟ್ಟರು. ಗೊರಬೆ ಬಂತು. "ನಾಳೆ ಬೇಕಾಗಬಹುದು" ಎಂದರು. "ದರ್ಬೆಯ ರಸ್ತೆಯಲ್ಲಿ ನಾಟಿ ಮಾಡ್ಲಿಕ್ಕಾ?" ಎಂದೆ. ಗಂಡನಿಗೆ ನಗು ತಡೆಯಲಾಗಲಿಲ್ಲ, ಅತ್ತೆಯ ತುಟಿಯೂ ಒಂದು ಕಡೆಗೆ ಓರೆಯಾಯಿತು. ಕೊಪ್ಪರಿಗೆ ನಮ್ಮ ಬಾಗಿಲಲ್ಲಿ ಅರ್ಧ ಸಿಕ್ಕಿಕೊಂಡೇ ಹೊರಗೆ ಹೋಯಿತು. ಅದನ್ನು ಊರಿನ ದೇವಸ್ಥಾನದ ಅಡುಗೆಗೆ ಕೊಡುವುದೆಂದಾಯಿತು. ಕಂಚಿನ ಬಟ್ಟಲೊಂದನ್ನು ಅತ್ತೆ ಎದೆಗವಚಿಕೊಂಡು, "ಇದರಲ್ಲಿ ನಾನು ದಿನಾ ಉಣ್ತೇನೆ" ಎಂದರು. ಅದು ಸುಳ್ಳು, ಅವರು ಬಾಳೆ ಎಲೆಯಲ್ಲೇ ಉಣ್ಣುವುದು. ನಾನು ನೋಡಿಯೂ ನೋಡದ ಹಾಗೆ, "ಕಟ್ಟಿ" ಎಂದೆ. ಆಮೇಲೆ ಯಾವತ್ತೂ ಅವರು ಅದರಲ್ಲೇ ಉಂಡರು.

ನನ್ನ ಟ್ರಂಕು ತೆಗೆದೆವು. ಉಡದೆ ಇಟ್ಟ ಸೀರೆಗಳು, ಖಾಲಿ ಬಿಸ್ಕೆಟ್ ಡಬ್ಬಿಗಳು. ಏನು ಮಾಡಲೆಂದು ಕೂಡಿಟ್ಟದ್ದೋ, ಒಂದರೊಳಗೆ ಒಂದು ಡಬ್ಬಿ. ನಗುತ್ತಲೇ ಹೊರಗೆ ಹಾಕಿದೆ. ಅಷ್ಟರಲ್ಲಿ ಗಂಡ ಅಟ್ಟದ ಮೂಲೆಯಿಂದ ಹಳೆ ಸೀರೆ ಸುತ್ತಿದ ಒಂದನ್ನು ಮೆಲ್ಲನೆ ಇಳಿಸಿದರು. ಅದು ನನ್ನ ತವರಿನ ತೊಟ್ಟಿಲು.

ಅದು ಅಲ್ಲಿದೆ ಎಂಬುದನ್ನು ನಾನು ಮರೆತಿರಲಿಲ್ಲ. ಮಗಳ ನಂತರ ಒಂದು ಬಸಿರು ನಿಂತು, ಮಗು ಕೈಗೆ ಸಿಗದೆ ಹೋಗಿತ್ತು. ಆಮೇಲೆ ನಿಂತಿರಲಿಲ್ಲ. ಪ್ರತಿ ತಿಂಗಳೂ ನಾನು ಆ ತೊಟ್ಟಿಲನ್ನು ನೆನೆಯುತ್ತಿದ್ದೆ. ಕೆಳಗೆ ಇಳಿಸಿ ನೋಡುವ ಧೈರ್ಯ ಮಾತ್ರ ಇರಲಿಲ್ಲ. ಸುತ್ತಿದ ಸೀರೆ ಬಿಚ್ಚಿದಾಗ ಎದ್ದ ಧೂಳಿಗೆ ನಾವು ಮೂವರೂ ಕೆಮ್ಮಿದೆವು.

ಅತ್ತೆ ಒಂದು ಕದಿರನ್ನು ಎಲೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದು ನಿಂತರು. ಕಟ್ಟಲು ತಯಾರಾಗಿಯೇ ನಿಂತಿದ್ದರು. ನನ್ನ ಮುಖ ನೋಡಿ, ಮೆಲ್ಲನೆ ಕೇಳಿದರು. "ಇದು?"

ನಾಳೆ ಬೇಕಾಗಬಹುದು ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ಗೊರಬೆಗೆ ಅವರು ಹೇಳಿದ ಅದೇ ಮಾತು. ನಾನು ಹೇಳಿದ್ದರೆ ಅವರು ಒಪ್ಪುತ್ತಿದ್ದರು, ಒಪ್ಪಿ ಕಟ್ಟುತ್ತಿದ್ದರು, ಮತ್ತೆ ಪತ್ತಾಯಕ್ಕೂ ಕಟ್ಟುತ್ತಿದ್ದರು.

"ಈ ವರ್ಷ ಇದಕ್ಕೆ ಕೆಲಸ ಇಲ್ಲ ಅತ್ತೆ" ಎಂದೆ.

"ಆಲೋಚನೆ ಮಾಡಿ ಹೇಳು. ಇದು ಬುಟ್ಟಿ ಅಲ್ಲ."

"ಇದ್ದ ಮಗು ಉಳೀಲಿ. ಮತ್ತೆ ಬಂದರೆ ತೊಟ್ಟಿಲು ಎಲ್ಲಿಂದಾದರೂ ತರುವ." ಇಷ್ಟು ಹೇಳಿ ಗೋಡೆಯ ಕಡೆಗೆ ತಿರುಗಿ ಅತ್ತುಬಿಟ್ಟೆ. ಗಂಡ ಏನು ಮಾಡುವುದೆಂದು ತಿಳಿಯದೆ ತೊಟ್ಟಿಲನ್ನು ಹಿಡಿದುಕೊಂಡೇ ನಿಂತಿದ್ದರು. "ಹೊರಗೆ ಇಡಿ" ಎಂದೆ ಅವರಿಗೆ. ಜಗಲಿಗೆ ಒಯ್ದಿಟ್ಟರು. ನೆರೆಯಲ್ಲಿ ಒಬ್ಬಳಿಗೆ ದಿನ ತುಂಬಿತ್ತು, ಅವಳ ಮನೆಗೆ ಹೋಯಿತು ಅದು.

ಅತ್ತೆ ನನಗೆ ಸಮಾಧಾನ ಹೇಳಲಿಲ್ಲ. ಹೇಳುವ ಹೆಂಗಸಲ್ಲ. ಕೈಯಲ್ಲಿದ್ದ ಕದಿರನ್ನು ಹಿಡಿದುಕೊಂಡು ಪತ್ತಾಯದ ಹತ್ತಿರ ಹೋದರು. ಹಳೆಯ ವರ್ಷದ್ದನ್ನು ಬಿಚ್ಚಿದರು. ಮುಚ್ಚಳ ಎತ್ತಿ, ಬಗ್ಗಿ, ತಳದಲ್ಲಿದ್ದ ಒಂದು ಸೇರು ಭತ್ತವನ್ನು ಸೆರಗಿಗೆ ಬಾಚಿಕೊಂಡರು. ಮುಚ್ಚಳ ಮುಚ್ಚಿದರು. ಹೊಸತನ್ನು ಕಟ್ಟಲಿಲ್ಲ.

"ಸೌದೆಗೆ ಹೋಗಬಾರದು" ಎಂದರು, ನನ್ನ ಕಡೆ ನೋಡದೆ.

"ಹೋಗುದಿಲ್ಲ ಅತ್ತೆ."

"ಭತ್ತವೋ ಅಕ್ಕಿಯೋ ತುಂಬಿಸುವವರ ಕೈಗೇ ಹೋಗ್ಬೇಕು. ಖಾಲಿ ಇಡುವವರಿಗೆ ಬೇಡ."

ಅಕ್ಕಿ ಅಂಗಡಿಗಿಂತ ಒಳ್ಳೆಯ ಜಾಗ ಯಾವುದು? ಬ್ಯಾರಿಗಳಿಗೆ ಹೇಳಿ ಕಳಿಸಿದೆವು. ಅವರ ಭಾಷೆಯಲ್ಲೂ ಅದು ಪತ್ತಾಯವೇ. ಬಂದವರು ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಇಂಥ ಮರ ಈಗ ಎಲ್ಲಿ ಸಿಗ್ತದೆ ಅಮ್ಮ? ಅಂಗಡಿಯಲ್ಲಿ ನಿಮ್ಮ ಕಣ್ಣೆದುರೇ ಇರ್ತದೆ" ಎಂದರು. ಹಲಗೆಗಳನ್ನು ಬಿಚ್ಚಿದಾಗ ಹಿಂದಿನಿಂದ ಇಲಿಯ ಗೂಡು, ಒಂದು ಮೊರ ತುಂಬುವಷ್ಟು ಹೊಟ್ಟು, ಮಗುವಿನ ಕಳೆದುಹೋದ ಒಂದು ಕಾಲ್ಗೆಜ್ಜೆ ಸಿಕ್ಕಿತು. ಕಿಟಕಿಯ ಬಾಗಿಲು ಉಬ್ಬಿ ಗಟ್ಟಿಯಾಗಿತ್ತು. ಗಂಡ ಹಾರೆಯಿಂದ ಎಬ್ಬಿಸಿ ತೆರೆದರು. ಕೋಣೆ ಇಷ್ಟು ದೊಡ್ಡದಿತ್ತು ಎಂಬುದು ನನಗೇ ಮರೆತುಹೋಗಿತ್ತು.

ಎಲ್ಲ ಸುಖವಾಯಿತು ಎಂದುಕೊಳ್ಳಬೇಡಿ. ಆ ದಿನ ಅತ್ತೆ ಹೊಸ ಅಕ್ಕಿಯ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆಯೂ ಗಂಜಿ ಮುಟ್ಟಲಿಲ್ಲ. ನಾನು ಎರಡು ಸಲ ಕರೆದೆ, ಮೂರನೆಯ ಸಲ ಕರೆದಾಗ ಅವರು ಬಾಯಿ ಬಿಟ್ಟರು.

"ನಾಳೆ ನನ್ನೆದುರು ನಿಂತು ಕೇಳ್ತಿ ನೀನು, ಈ ವರ್ಷ ಇವಳ ಕೆಲಸ ಎಂತ ಅಂತ. ಕೇಳು. ಈಗಲೇ ಕೇಳು."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆದರೆ ಬಾಯಿಗೆ ಬಂದದ್ದು ಸಿಟ್ಟೇ. "ಕೇಳ್ಲಿಕ್ಕೆ ಎಂತ ಉಂಟು? ಆ ಮಗುವನ್ನು ಮಲಗಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ನಾನು ಹೆತ್ತದ್ದು ಮಾತ್ರ, ಅವಳು ನಿಮ್ಮವಳು. ಪತ್ತಾಯ ಹೋಯಿತು ಅಂತ ನೀವು ಹೀಗೆ ಕೂತರೆ ಇವತ್ತು ಅವಳು ಎಲ್ಲಿ ಮಲಗುದು? ಕಿಟಕಿಯ ಹತ್ತಿರ ಚಾಪೆ ಹಾಸಿದ್ದೇನೆ. ಎರಡು ಚಾಪೆ. ಉಂಡು ಹೋಗಿ ಮಲಗಿ." ಅತ್ತೆ ನ್ಯಾಯ ಹೇಳುವವರ ಹಾಗೆ ನನ್ನನ್ನು ನೋಡಿದರು. ಮತ್ತೆ ಕಂಚಿನ ಬಟ್ಟಲನ್ನು ಮುಂದಕ್ಕೆ ನೂಕಿದರು. ನಾನು ಗಂಜಿ ಬಡಿಸಿದೆ.

ಆ ಮೇಲೆ ನಾನು ಬಿಗಿ ಹಿಡಿದೆ. ಮುಡಿ ಬಂದರೆ ಅಂಗಡಿಯಲ್ಲೇ ಬಿಚ್ಚುವುದು, ಅಕ್ಕಿ ಮಾತ್ರ ಡಬ್ಬಿಯಲ್ಲಿ ಮನೆಗೆ ಬರುವುದು. ಚಾಪೆ, ಹೊದಿಕೆ ದಿನಾ ಬಿಸಿಲಿಗೆ. ನೆಲ ಗುಡಿಸುವುದರ ಮೊದಲು ನೀರು ಚಿಮುಕಿಸುವುದು. ಹೊಸ ಸಾಮಾನು ಒಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಗಂಡ ಒಮ್ಮೆ ಸಂತೆಯಿಂದ ಚಂದ ಕಂಡಿತೆಂದು ಒಂದು ಬೆತ್ತದ ಕುರ್ಚಿ ತಂದರು. "ಇದು ಬಂದರೆ ನಿಮ್ಮ ಹಳೆ ಮೇಜು ಹೋಗ್ತದೆ" ಎಂದೆ. ಕುರ್ಚಿಯೇ ವಾಪಸು ಹೋಯಿತು. ಅತ್ತೆ ಸಂಜೆ ಸಂಜೆ ಅಕ್ಕಿ ಅಂಗಡಿಗೆ ಹೋಗಿ, ಪತ್ತಾಯದ ಮುಚ್ಚಳ ತೆಗೆಸಿ, ಒಳಗೆ ಕೈ ಹಾಕಿ ನೋಡಿ ಬರುತ್ತಿದ್ದರು. ಅಕ್ಕಿ ಕಡಿಮೆಯಿದ್ದರೆ ಬ್ಯಾರಿಗಳಿಗೆ ಬೈಗುಳ. ಅವರು, "ನಾಳೆ ಲೋಡು ಬರ್ತದೆ ಅಮ್ಮ" ಎಂದು ಉತ್ತರ ಕೊಡುವರು, ಅವರ ಅಂಗಡಿಯ ಯಜಮಾನ್ತಿಯೇ ಇವರು ಎಂಬ ಹಾಗೆ.

ದಮ್ಮು ಪೂರ್ತಿ ಹೋಯಿತು ಎಂದರೆ ಸುಳ್ಳಾದೀತು. ಆ ಚಳಿಗಾಲದಲ್ಲಿ ಮತ್ತೆ ಬಂತು, ಮಳೆ ಶುರುವಾದಾಗ ಒಮ್ಮೆ ಬಂತು. ಆದರೆ ತುಟಿ ನೀಲಿಯಾಗಲಿಲ್ಲ. ಬಂದದ್ದು ಮದ್ದಿಗೆ ಇಳಿಯುತ್ತಿತ್ತು. ಮಗುವಿನ ಕುತ್ತಿಗೆಯ ಎಲುಬು ಮೆಲ್ಲ ಮೆಲ್ಲನೆ ಮಾಂಸದಲ್ಲಿ ಮುಚ್ಚಿತು. ಶಾಲೆಗೆ ಸೇರಿಸಿದೆವು. ಕಿಟಕಿ ಒಂದು ದಿನವೂ ಮುಚ್ಚಲಿಲ್ಲ, ಮಳೆಯ ಎರಚಲು ಬಂದರೆ ಚಾಪೆ ಹಿಂದಕ್ಕೆ ಎಳೆಯುವುದು ಅಷ್ಟೆ.

ಮತ್ತೆ ಮನೆ ತುಂಬಿಸುವ ದಿನ ಬಂತು. ಈ ಸಲ ಭಾವನಿಗೆ ಮೊದಲೇ ಹೇಳಿ ಸಣ್ಣ ಕಟ್ಟು ತರಿಸಿದ್ದೆ. ಅತ್ತೆಗೆ ಬೆಳಿಗ್ಗೆಯಿಂದಲೇ ಮುಖ ಸಪ್ಪೆ. "ಕಟ್ಲಿಕ್ಕೆ ಎಂತ ಉಂಟು ಈ ಮನೆಯಲ್ಲಿ? ನಾಲ್ಕು ಗೋಡೆಗೆ ಕಟ್ಟುದಾ?" ಎಂದು ಗೊಣಗುತ್ತಾ ನಾರು ಹರಿಯುತ್ತಿದ್ದರು. ಹಬ್ಬದ ದಿನ ಜಗಳ ಬೇಡ ಎಂದು ನಾನು ಎಲೆ ಜೋಡಿಸತೊಡಗಿದೆ. ಗಂಡ ಕದಿರು ಹೊತ್ತು ಹೊಸ್ತಿಲು ದಾಟಿದರು. ಅತ್ತೆ ಬಾಗಿಲಿಗೆ ಮೊದಲನೆಯದನ್ನು ಕಟ್ಟಲು ಕೈ ಎತ್ತಿದರು.

ಮಗಳು ಅವರ ಪಕ್ಕದಿಂದ, "ಪೊಲಿ, ಪೊಲಿ, ಪೊಲಿ" ಎಂದು ಶುರು ಮಾಡಿದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬಾಗಿಲಿನಿಂದ ಒಳಕೋಣೆಗೆ ಓಡಿದಳು, ಕಿಟಕಿಯ ಸರಳು ಹಿಡಿದು ಕೂಗಿದಳು, ಅಲ್ಲಿಂದ ಕಡೆಯುವ ಕಲ್ಲಿಗೆ, ಅಲ್ಲಿಂದ ಬಾವಿಗೆ. ನಡುವೆ ಎಲ್ಲೂ ನಿಲ್ಲಲಿಲ್ಲ. ಎಡವಲು ಒಂದು ಸಾಮಾನೂ ಇರಲಿಲ್ಲ. ಅಷ್ಟು ಖಾಲಿ ಕೋಣೆಯಲ್ಲಿ ಆ ಸ್ವರ ಗೋಡೆಗೆ ಬಡಿದು ಬಡಿದು ಬರುತ್ತಿತ್ತು.

"ಮೆಲ್ಲ ಗೂಡೆ, ಮೆಲ್ಲ" ಎಂದರು ಅತ್ತೆ ಕಿವಿಗೆ ಕೈ ಅಡ್ಡ ಹಿಡಿದು. "ಇಡೀ ದರ್ಬೆಗೆ ಕೇಳ್ತದೆ."

ಹೇಳಿದವರು ಅಲ್ಲಿಗೇ ನಿಂತರು. ಕದಿರು ಹಿಡಿದ ಕೈ ಮೇಲೆಯೇ ಉಳಿಯಿತು. ಎರಡು ಮಾತು ಒಟ್ಟಿಗೆ ಆಡಲು ಉಸಿರು ಸಾಲದೆ, ಏನು ಬೇಕೆಂದು ಬೆರಳಿನಲ್ಲಿ ತೋರಿಸುತ್ತಿದ್ದ ಮಗು ಅದು. ಅದಕ್ಕೆ ಮೆಲ್ಲ ಎಂದು ನಮ್ಮಲ್ಲಿ ಯಾರೂ ಅದುವರೆಗೆ ಹೇಳಬೇಕಾಗಿ ಬಂದಿರಲಿಲ್ಲ. ನಾನು ಅತ್ತೆಯನ್ನು ನೋಡಿದೆ, ಅವರು ನನ್ನನ್ನು ನೋಡಿದರು.

"ಇಲ್ಲ, ಇಲ್ಲ" ಎಂದರು ಅವರು, ಬಾವಿಯ ಕಡೆಗೆ ಕತ್ತು ಚಾಚಿ. "ನೀನು ಬೊಬ್ಬೆ ಹಾಕು ಮಗ. ಎಷ್ಟು ಬೇಕಾದ್ರೂ ಹಾಕು."